ಸರ್ವರ್‌ನಿಂದ ಪುಟದವರೆಗೆ: ಜೇಸನ್ ದತ್ತಾಂಶ ನಿರ್ವಹಣೆಯ ಬೆಳವಣಿಗೆ

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯ ಆರಂಭದ ದಿನಗಳಲ್ಲಿ, ಪುಟದ ಒಂದು ಅಂಕಿ ಬದಲಾಗಬೇಕಿದ್ದರೂ ಸರ್ವರ್‌ನಿಂದ ಇಡೀ ಪುಟವನ್ನೇ ಮತ್ತೆ ತರಿಸಿಕೊಳ್ಳಬೇಕಿತ್ತು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಬಂದ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ಎಂಬ ಸಾಧನವು ಪುಟ ಇದ್ದಲ್ಲೇ ಇರುವಾಗ ಹಿನ್ನೆಲೆಯಲ್ಲಿ ಕೋರಿಕೆ ಕಳುಹಿಸುವ ದಾರಿ ತೆರೆಯಿತು. ಆದರೆ ಉತ್ತರವಾಗಿ ಬರುತ್ತಿದ್ದ ಎಕ್ಸ್‌ಎಂಎಲ್ ಪಠ್ಯವನ್ನು ಬಿಡಿಸಿ ಓದುವುದು ಶ್ರಮದ ಕೆಲಸವಾಗಿತ್ತು. 2001ರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ಬಳಕೆಗೆ ತಂದ ಜೇಸನ್, ಅಂದರೆ ಹೆಸರು ಮತ್ತು ಮೌಲ್ಯಗಳ ಜೋಡಿಗಳನ್ನೂ ಪಟ್ಟಿಗಳನ್ನೂ ಸರಳ ಪಠ್ಯವಾಗಿ ಬರೆಯುವ ಕ್ರಮ, ಜಾವಾಸ್ಕ್ರಿಪ್ಟ್‌ನ ಬರವಣಿಗೆಯನ್ನೇ ಹೋಲುತ್ತಿದ್ದುದರಿಂದ ಈ ಶ್ರಮವನ್ನು ಬಹುಮಟ್ಟಿಗೆ ನೀಗಿಸಿತು.

ಆ ಹೋಲಿಕೆಯಲ್ಲೇ ಅಪಾಯವೂ ಅಡಗಿತ್ತು. ಬಂದ ಪಠ್ಯವನ್ನು ‘ಇವಾಲ್’ ಎಂಬ ಆದೇಶಕ್ಕೆ ಒಪ್ಪಿಸಿದರೆ ಅದು ದತ್ತಾಂಶವಾಗುತ್ತಿತ್ತು, ನಿಜ. ಆದರೆ ಆ ಪಠ್ಯದಲ್ಲಿ ದುರುದ್ದೇಶದ ಆದೇಶವೊಂದು ಸೇರಿದ್ದರೆ ಅದೂ ಓದುಗರ ಬ್ರೌಸರ್‌ನಲ್ಲಿ ಜಾರಿಯಾಗುತ್ತಿತ್ತು. ಜಾವಾಸ್ಕ್ರಿಪ್ಟ್‌ನ ಮಾನದಂಡವಾದ ಇಸಿಎಂಎಸ್ಕ್ರಿಪ್ಟ್‌ನ 2009ರ 5ನೇ ಆವೃತ್ತಿಯು ‘ಜೇಸನ್ ಪಾರ್ಸ್’ ಎಂಬ ಕಾರ್ಯವನ್ನು ಭಾಷೆಯೊಳಗೇ ಸೇರಿಸಿ, ಪಠ್ಯವನ್ನು ಜಾರಿಗೊಳಿಸದೆ ಕೇವಲ ಓದುವ ವ್ಯವಸ್ಥೆ ಮಾಡಿದ್ದು ಈ ಕ್ಷೇತ್ರದ ಅತಿ ಮುಖ್ಯ ತಿರುವೆಂದೇ ಹೇಳಬೇಕು. 2015ರಿಂದ ಬ್ರೌಸರ್‌ಗಳಲ್ಲಿ ನೆಲೆಯೂರಿದ ‘ಫೆಚ್’ ಎಂಬ ಸಾಧನವು ಇಂಥ ಕೋರಿಕೆಗಳ ಬರವಣಿಗೆಯನ್ನು ಇನ್ನಷ್ಟು ಹಗುರಗೊಳಿಸಿತು. ಆದರೆ ಕೇಳಿದ ಪುಟ ಸಿಗದೆ ಸರ್ವರ್ 404 ಎಂದು ಉತ್ತರಿಸಿದರೂ ಫೆಚ್ ಅದನ್ನು ವೈಫಲ್ಯವೆಂದು ಎಣಿಸುವುದಿಲ್ಲವಾದ್ದರಿಂದ, ಉತ್ತರದ ಸ್ಥಿತಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.

ಕನ್ನಡದ ಮಟ್ಟಿಗೆ ನಿರ್ಣಾಯಕವಾದದ್ದು 2017ರ ಜೇಸನ್ ಮಾನದಂಡ. ಬೇರೆ ಬೇರೆ ವ್ಯವಸ್ಥೆಗಳ ನಡುವೆ ಸಾಗುವ ಜೇಸನ್ ಪಠ್ಯವು ಯುಟಿಎಫ್-8 ಸಂಕೇತಕ್ರಮದಲ್ಲೇ ಇರಬೇಕೆಂದು ಅದು ವಿಧಿಸಿತು. ಈ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ವಿಜಯಪುರ ಜಿಲ್ಲೆಯ ‘ಚಡಚಣ’ ಎಂಬ ಊರಿನ ಹೆಸರಿಗೆ 12 ಬೈಟ್ ಸಾಕು. ಅದೇ ಹೆಸರನ್ನು ಕೆಲವು ಸರ್ವರ್‌ಗಳು ಓರೆಗೆರೆಯಿಂದ ಆರಂಭವಾಗುವ ಸಂಕೇತಾಂಕಗಳಾಗಿ ಕಳುಹಿಸುವುದುಂಟು. ಆಗ 24 ಬೈಟ್ ತಗಲುತ್ತದೆ, ಕಣ್ಣಿಗೆ ಅದು ಕನ್ನಡವಾಗಿ ಕಾಣುವುದೂ ಇಲ್ಲ, ಆದರೆ ಜೇಸನ್ ಪಾರ್ಸ್ ಎರಡನ್ನೂ ಒಂದೇ ಹೆಸರಾಗಿ ಓದುತ್ತದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಪಠ್ಯಕ್ಕೆ ಈ ಭಾಗ್ಯವಿಲ್ಲ. ಅದನ್ನು ಮೊದಲೇ ಪರಿವರ್ತಿಸಿಕೊಳ್ಳದೆ ಗತಿಯಿಲ್ಲ.

ಅಕ್ಷರ ಸುರಕ್ಷಿತವಾಗಿ ತಲುಪಿದ ಮೇಲೂ ಅರ್ಥ ಕೆಡಬಹುದೆಂಬುದಕ್ಕೆ ಕೃಷಿ ಮಾರುಕಟ್ಟೆಯ ದತ್ತಾಂಶ ಒಳ್ಳೆಯ ನಿದರ್ಶನ. 2012ರಲ್ಲಿ ಆರಂಭವಾದ ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣವು ಮಾರುಕಟ್ಟೆ, ಉತ್ಪನ್ನ, ಆವಕದ ದಿನಾಂಕ, ಕನಿಷ್ಠ, ಗರಿಷ್ಠ ಮತ್ತು ಮಾದರಿ ಧಾರಣೆಗಳನ್ನು ಜೇಸನ್ ರೂಪದಲ್ಲೂ ಒದಗಿಸುತ್ತದೆ. ಜೇಸನ್‌ನಲ್ಲಿ ದಿನಾಂಕವೆಂಬ ಪ್ರತ್ಯೇಕ ಬಗೆಯೇ ಇಲ್ಲ. ‘05/06/2024’ ಎಂಬ ಪಠ್ಯವನ್ನು ಚಡಚಣದ ತೊಗರಿ ಬೆಳೆಗಾರರು ಜೂನ್ 5 ಎಂದೇ ಓದುತ್ತಾರೆ, ಬ್ರೌಸರ್ ಮಾತ್ರ ತಿಂಗಳನ್ನು ಮೊದಲಿಗೆ ಎಣಿಸಿ ಮೇ 6 ಎನ್ನುತ್ತದೆ. 13ನೇ ತಾರೀಖಿನಿಂದಾಚೆಗೆ ದಿನಾಂಕವೇ ಅಸಿಂಧುವಾಗುವುದರಿಂದ ತಪ್ಪು ಹೊರಬೀಳುತ್ತದೆ. ತಿಂಗಳ ಮೊದಲ 12 ದಿನಗಳಲ್ಲಿ ಅದು ಮೌನವಾಗಿ ಉಳಿಯುವುದೇ ಹೆಚ್ಚು ಹಾನಿಕರ. ಧಾರಣೆಯು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಬಂದರೂ ಇದೇ ಪಾಡು: ಅಂಕಿಗಳನ್ನು ಎಡದಿಂದ ಒಂದೊಂದಾಗಿ ಹೋಲಿಸುವುದರಿಂದ 9500 ರೂಪಾಯಿ 10000ಕ್ಕಿಂತ ದೊಡ್ಡದಾಗಿ ಪಟ್ಟಿಯ ಮೇಲೇರುತ್ತದೆ.

ಸ್ಥಳನಾಮಗಳ ತೊಡಕು ಇನ್ನೂ ಆಳವಾದದ್ದು. 2014ರ ನವೆಂಬರ್ 1ರಿಂದ ಬಿಜಾಪುರವು ವಿಜಯಪುರವಾಯಿತು. ಮುಂದೆ ಆ ಜಿಲ್ಲೆಯ ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರ್ಪಟ್ಟು ಹೊಸ ತಾಲ್ಲೂಕುಗಳಾದವು. ಹಳೆಯ ಕಡತದಲ್ಲಿ ಇಂಡಿ ಎಂದಿರುವ ದಾಖಲೆಯು ಇಂದಿನ ಇಂಡಿಯದೋ ಚಡಚಣದ್ದೋ ಎಂಬುದನ್ನು ಜೇಸನ್ ಹೇಳಲಾರದು. ಗ್ರಾಮದ ಹೆಸರಿನ ಬದಲು ಅದರ ಸಂಕೇತಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು, ಆ ಸಂಖ್ಯೆಗೆ ಹಳೆಯ ಮತ್ತು ಹೊಸ ತಾಲ್ಲೂಕುಗಳೆರಡನ್ನೂ ಜೋಡಿಸಿಟ್ಟಾಗ ಮಾತ್ರ ಎರಡು ಕಾಲದ ಅಂಕಿಗಳನ್ನು ಹೋಲಿಸಲು ಸಾಧ್ಯ.