ಎಚ್‌ಪಿವಿಯ ಇ6 ಮತ್ತು ಇ7 ಪ್ರೋಟೀನ್‌ಗಳು

ಇ6 ಮತ್ತು ಇ7 ಎಂಬುವು ಮಾನವ ಪ್ಯಾಪಿಲೋಮಾ ವೈರಾಣುವಿನ (ಎಚ್‌ಪಿವಿ) ಕ್ಯಾನ್ಸರ್‌ಕಾರಕ ಪ್ರೋಟೀನ್‌ಗಳು. ಜಗತ್ತಿನ ಗರ್ಭಕಂಠ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು 70%ಕ್ಕೆ ಈ ವೈರಾಣುವಿನ 16 ಮತ್ತು 18ನೆಯ ಬಗೆಗಳು ಕಾರಣವಾಗಿವೆ. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾರ್ಯವಿಧಾನ

ಆರೋಗ್ಯವಂತ ಜೀವಕೋಶದಲ್ಲಿ ಆರ್‌ಬಿ ಪ್ರೋಟೀನು ಇ2ಎಫ್ ಎಂಬ ನಿಯಂತ್ರಕವನ್ನು ಹಿಡಿದಿಟ್ಟಿರುತ್ತದೆ. ಇ7 ಪ್ರೋಟೀನು ಆರ್‌ಬಿಯನ್ನು ನಾಶಪಡಿಸುವುದರಿಂದ ಇ2ಎಫ್ ಬಿಡುಗಡೆಗೊಂಡು, ಕೋಶ ವಿಭಜನೆಯ ವಂಶವಾಹಿಗಳು ಎಡೆಬಿಡದೆ ಸಕ್ರಿಯವಾಗುತ್ತವೆ. ಇಂತಹ ಕೋಶವನ್ನು ತಡೆಯಬೇಕಾದ ಪಿ53 ಪ್ರೋಟೀನನ್ನು ಇ6 ವಿಘಟನೆಗೆ ಗುರಿಪಡಿಸುತ್ತದೆ. ಟೆಲೊಮರೇಸ್ ಕಿಣ್ವದ ವಂಶವಾಹಿಯನ್ನೂ ಇದು ಪ್ರಚೋದಿಸುವುದರಿಂದ ಕೋಶಗಳು ಮಿತಿಯಿಲ್ಲದೆ ವಿಭಜನೆಗೊಳ್ಳುತ್ತವೆ.

ವೈರಾಣುವಿನದೇ ಆದ ಇ2 ಪ್ರೋಟೀನು ಇವೆರಡರ ಉತ್ಪಾದನೆಯನ್ನು ಹತೋಟಿಯಲ್ಲಿಡುತ್ತದೆ. ವೈರಾಣುವಿನ ಡಿಎನ್‌ಎ ಮಾನವ ವರ್ಣತಂತುವಿನೊಳಗೆ ಸೇರಿದಾಗ ಇ2 ವಂಶವಾಹಿಯು ಹೆಚ್ಚಾಗಿ ತುಂಡಾಗಿ, ಆ ಹತೋಟಿ ತಪ್ಪುತ್ತದೆ. ಎಚ್‌ಪಿವಿ-18 ಹೊಂದಿರುವ ಹೀಲಾ ಕೋಶಗಳಿಗೆ ಇ2 ಮರಳಿ ನೀಡಿದಾಗ ಅವುಗಳ ವಿಭಜನೆ ನಿಂತಿರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಪತ್ತೆ ಮತ್ತು ತಡೆ

ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕಾಗುವುದರಿಂದ ತಪಾಸಣೆಗೆ ಸಾಕಷ್ಟು ಕಾಲಾವಕಾಶವಿರುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂತಹ ಊರುಗಳಿಗೂ ಅನ್ವಯಿಸುವ ರಾಷ್ಟ್ರೀಯ ಕಾರ್ಯಕ್ರಮವು 30 ವರ್ಷ ಮೇಲ್ಪಟ್ಟ ಮಹಿಳೆಯರಿಗೆ ಅಸಿಟಿಕ್ ಆಮ್ಲ ಬಳಸುವ ಸರಳ ಪರೀಕ್ಷೆಯನ್ನು ಸೂಚಿಸುತ್ತದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಾಗಿದೆ. ಲಸಿಕೆಯು ಸೋಂಕನ್ನು ತಡೆಯುತ್ತದೆ. ಈಗಾಗಲೇ ತಗುಲಿದ ಸೋಂಕನ್ನು ಅದು ಗುಣಪಡಿಸುವುದಿಲ್ಲ.