ಕೀಲೆಣ್ಣೆಯಿಂದ ಬೇರಿಂಗಿನವರೆಗೆ... ಒಂದು 'ಗುಂಯ್' ಶಬ್ದದ ಚರಿತ್ರೆ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಹಳ್ಳಿಖೇಡ (ಬಿ). ಆ 'ಬಿ' ಏನು ಅಂತ ಆಫೀಸಿನ ಗೆಳೆಯರು ಕೇಳ್ತಾನೇ ಇರ್ತಾರೆ. ಬುಜುರ್ಗ್, ಫಾರ್ಸಿಯಲ್ಲಿ ದೊಡ್ಡದು ಅಂತ. ನಿಜಾಮರ ಕಾಲದ ಕಡತದ ಮಾತು ಇನ್ನೂ ನಮ್ಮ ಬಸ್ ಬೋರ್ಡಿನ ಮೇಲಿದೆ :)

ಮನೆಯಲ್ಲಿರೋದು 2000ನೇ ಇಸವಿಯ ಮಾರುತಿ 800, ನನಗಿಂತ ಮೂರು ವರ್ಷ ಚಿಕ್ಕದು. ಅಪ್ಪ ಪ್ರತಿ ಸೋಮವಾರ ಅಮ್ಮನನ್ನು ಅದರಲ್ಲೇ ಬೀದರ್ ಆಸ್ಪತ್ರೆಗೆ ಕರಕೊಂಡು ಹೋಗ್ತಾರೆ. ಈ ಸಲ ಪಕ್ಕದಲ್ಲಿ ನಾನು ಕೂತೆ. ನಲವತ್ತು ದಾಟುತ್ತಿದ್ದಂತೆ ಮುಂದಿನಿಂದ ಗುಂಯ್... ಅಂತ ಒಂದು ಶಬ್ದ.

"ಅಪ್ಪಾ, ಇದೇನು ಶಬ್ದ?"

"ಯಾವ ಶಬ್ದ? ಗಾಡಿ ಛಲೋ ನಡ್ಲತ್ತದಲ್ಲ!"

ಆಗ ಹೊಳೆಯಿತು. ಎರಡು ವರ್ಷದಿಂದ ಅಪ್ಪನ ಕಿವಿ ಮಂದ. ಕಾರು ಎಷ್ಟು ದಿನದಿಂದ ಕೂಗುತ್ತಿತ್ತೋ, ಕೇಳಿಸಿಕೊಳ್ಳಬೇಕಾದವರಿಗೇ ಕೇಳಿಸಿಲ್ಲ.

ಸಂಜೆ ಸಕ್ಕರೆ ಕಾರ್ಖಾನೆ ಕಡೆಯ ಖಾಲಿ ರಸ್ತೆಯಲ್ಲಿ ನನ್ನ ಡಿಬಗ್ಗಿಂಗ್ ಶುರು. ಓಡುತ್ತಿರುವಾಗ ನ್ಯೂಟ್ರಲ್ ಮಾಡಿದೆ, ಶಬ್ದ ಹೋಗಲಿಲ್ಲ. ಅಲ್ಲಿಗೆ ಎಂಜಿನ್ ಔಟ್. ಡಾಂಬರಿನಿಂದ ಕಾಂಕ್ರೀಟಿಗೆ ಬಂದೆ, ರಾಗ ಬದಲಾಗಲಿಲ್ಲ. ಟೈರಿನ ಶಬ್ದವಾಗಿದ್ದರೆ ಬದಲಾಗುತ್ತಿತ್ತು. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಟಕಟಕ ಅನ್ನಲಿಲ್ಲ, ಹಾಗಾಗಿ ಆಕ್ಸಲ್ ಜಾಯಿಂಟೂ ಅಲ್ಲ. ಆಮೇಲೆ ನಿಧಾನಕ್ಕೆ ಬಲಕ್ಕೆ ಬಾಗಿಸಿದೆ, ಶಬ್ದ ಜೋರಾಯಿತು. ಎಡಕ್ಕೆ ಬಾಗಿಸಿದೆ, ತಗ್ಗಿತು. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತೆ. ಕಳ್ಳ ಸಿಕ್ಕಿದ: ಎಡ ಮುಂದಿನ ಚಕ್ರದ ಬೇರಿಂಗು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬಂಡಿಯ ಕಥೆ ತೆಗೆದರು. ಎತ್ತಿನ ಬಂಡಿಗೆ ಬೇರಿಂಗ್ ಎಲ್ಲಿಂದ ಬರಬೇಕು? ಕಬ್ಬಿಣದ ಅಚ್ಚು, ಗಾಲಿ ಕಳಚದಂತೆ ತುದಿಗೆ ಕಡೆಗೀಲು, ನಡುವೆ ಕೀಲೆಣ್ಣೆ. ಸುಟ್ಟ ಹುಲ್ಲಿನ ಬೂದಿಗೆ ಔಡಲೆಣ್ಣೆ ಕಲಸಿದ ಕಪ್ಪು ಮುದ್ದೆ. ಎಣ್ಣೆ ಒಣಗಿದರೆ ಬಂಡಿ ಕಿರ್ರೋ ಅಂತ ಅಳುತ್ತೆ, ಕೂಡಲೇ ಗಾಲಿ ಬಿಚ್ಚಿ ಸವರೋದು. ಜೇಡರ ದಾಸಿಮಯ್ಯನ ಒಂದು ವಚನದಲ್ಲಿ ದೇಹವೇ ಬಂಡಿ, ಶರಣರ ಮಾತೇ ಕಡೆಗೀಲು. ಬಸವಕಲ್ಯಾಣದ ಪಕ್ಕದಲ್ಲಿ ಬೆಳೆದ ನನಗೆ ಆ ಕೀಲು ಬರೀ ಉಪಮೆ ಅಂತ ಅನ್ನಿಸಿತ್ತು. ಅಪ್ಪನಿಗೆ ಅದು ಕೈಯಾರೆ ಹಾಕಿದ ಸಾಮಾನು.

ಉಜ್ಜುವ ಬದಲು ಉರುಳಿಸಿದರೆ ಹೇಗೆ ಅಂತ 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಗಾಡಿಯ ಅಚ್ಚಿಗೆ ಗುಂಡುಗಳನ್ನು ಹಾಕಿ ಪೇಟೆಂಟ್ ತಗೊಂಡ. ಆದರೆ ಒಂದೇ ಅಳತೆಯ ಗಟ್ಟಿ ಗುಂಡುಗಳನ್ನು ರಾಶಿಗಟ್ಟಲೆ ಮಾಡುವ ದಾರಿ ಆಗ ಇರಲಿಲ್ಲ. ಅದಕ್ಕೆ 1883ರವರೆಗೆ ಕಾಯಬೇಕಾಯಿತು. ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಫ್ರೀಡ್ರಿಶ್ ಫಿಶರ್ ಗುಂಡು ಅರೆಯುವ ಯಂತ್ರ ಮಾಡಿದ. ಆದರೂ ತಿರುವಿನಲ್ಲಿ ಪಕ್ಕದಿಂದ ಬೀಳುವ ಒತ್ತಡದ ತೊಂದರೆ ಉಳಿದಿತ್ತು. ಅಮೆರಿಕದಲ್ಲಿ ಕುದುರೆಗಾಡಿ ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಓರೆಯಾದ ರೋಲರಿನ ಬೇರಿಂಗಿಗೆ ಪೇಟೆಂಟ್ ಪಡೆದದ್ದು ಅದಕ್ಕೇ. ನೋಡಿ, ಅವನನ್ನು ಕಾಡಿದ್ದು ತಿರುವು. ಇವತ್ತು ನನಗೆ ಕಳ್ಳನನ್ನು ಹಿಡಿದುಕೊಟ್ಟದ್ದೂ ಅದೇ ತಿರುವು!

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಇದರ ಮುಂದಿನ ಬೇರಿಂಗು ನಕಲ್ಲಿನೊಳಗೆ ಪ್ರೆಸ್ ಮಾಡಿ ಕೂರಿಸಿದ್ದು, ಕಳಚದೆ ಕಣ್ಣಿಗೆ ಬೀಳಲ್ಲ. ಈಚಿನ ಎಷ್ಟೋ ಕಾರುಗಳಲ್ಲಂತೂ ಗ್ರೀಸು ತುಂಬಿ ಸೀಲು ಮಾಡಿದ ಹಬ್ಬೇ ಬರುತ್ತೆ. ಬಂಡಿಯ ಗಾಲಿಯನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದರು. ಈಗ ಯಾರೂ ನೋಡಲ್ಲ, ನೋಡಬೇಕಾಗೂ ಇಲ್ಲ. ಕೆಟ್ಟ ಸುದ್ದಿ ಬರೋದು ಶಬ್ದದ ಮೂಲಕ ಮಾತ್ರ. ಕಿವಿ ಕೇಳದವರು ಏನು ಮಾಡಬೇಕು?

ಮರುದಿನ ಜಾಕ್ ಹಾಕಿದೆವು. ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಸಣ್ಣ ಆಟ. ಅಮ್ಮ ಬ್ರೇಕ್ ಒತ್ತಿದಳು, ಆಟ ನಿಂತಿತು. ಬಾಲ್ ಜಾಯಿಂಟ್ ಸವೆದಿದ್ದರೆ ಬ್ರೇಕ್ ಒತ್ತಿದರೂ ಆಟ ಇರ್ತಿತ್ತು. ಆಮೇಲೆ ಅಪ್ಪನ ಕೈಯನ್ನು ಮುಂದಿನ ಸ್ಪ್ರಿಂಗಿನ ಮೇಲೆ ಇಟ್ಟು ಚಕ್ರ ತಿರುಗಿಸಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಳಗ ಮರಳು ತುಂಬಿದಂಗ ಅದ" ಅಂದರು. ಬಲಗಡೆಯದನ್ನೂ ಮುಟ್ಟಿ ನೋಡಿದರು, ಅದು ನಯವಾಗಿತ್ತು.

ಬೇರಿಂಗ್ ಬದಲಾಯಿಸಿದ್ದಾಯ್ತು. ಹಳೇದನ್ನು ಅಪ್ಪ ಬಿಸಾಡಲು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ಬೆರಳಲ್ಲಿ ತಿರುಗಿಸುತ್ತಾ, "ಅಳ್ಲತ್ತಿತ್ತು ಪಾಪ, ನನಗೇ ಕೇಳ್ಸಿಲ್ಲ" ಅಂದರು. ಈಗ ತಿಂಗಳಿಗೊಮ್ಮೆ ಪಕ್ಕದ ಮನೆಯ ಹುಡುಗ ಜಾಕ್ ಹಾಕಿ ಚಕ್ರ ತಿರುಗಿಸ್ತಾನೆ, ಅಪ್ಪ ಸ್ಪ್ರಿಂಗಿನ ಮೇಲೆ ಕೈಯಿಟ್ಟು ನೋಡ್ತಾರೆ.

ನಿಮ್ಮೂರಿನ ಕಡೆ ಕೀಲೆಣ್ಣೆಗೆ ಏನಂತಾರೆ? ಗೊತ್ತಿದ್ದರೆ ಹೇಳಿ, ಅಪ್ಪನಿಗೆ ಹೇಳಬೇಕು.