ಹಾರ್ಡ್‌ಟಾಪ್ ಕಾರುಗಳ ಪಕ್ಕದ ಗಾಜು: ಬದಲಾವಣೆ ಮತ್ತು ಹೊಂದಿಕೆ

ಮುಂದಿನ ಹಾಗೂ ಹಿಂದಿನ ಪಕ್ಕದ ಕಿಟಕಿಗಳ ನಡುವೆ ಚಾವಣಿಯವರೆಗೆ ಏರುವ ಕಂಬವಿಲ್ಲದ, ಬಾಗಿಲ ಗಾಜಿನ ಸುತ್ತ ಲೋಹದ ಚೌಕಟ್ಟೂ ಇಲ್ಲದ ಗಟ್ಟಿ ಚಾವಣಿಯ ಕಾರುಗಳಿಗೆ ಹಾರ್ಡ್‌ಟಾಪ್ ಎಂದು ಹೆಸರು. ಜನರಲ್ ಮೋಟರ್ಸ್ ಸಂಸ್ಥೆಯು 1949ರ ಮಾದರಿಗಳಲ್ಲಿ ಬ್ಯೂಯಿಕ್ ರೋಡ್‌ಮಾಸ್ಟರ್ ರಿವಿಯೆರಾ, ಓಲ್ಡ್ಸ್‌ಮೊಬೀಲ್ 98 ಹಾಲಿಡೇ ಮತ್ತು ಕ್ಯಾಡಿಲಾಕ್ ಕೂಪ್ ಡಿ ವಿಲ್ ಕಾರುಗಳನ್ನು ಈ ವಿನ್ಯಾಸದಲ್ಲಿ ಹೊರತಂದ ಮೇಲೆ ಅಮೆರಿಕದ ಇತರ ತಯಾರಕರೂ ಅದೇ ದಾರಿ ಹಿಡಿದರು. 1964ರ ಏಪ್ರಿಲ್ 17ರಂದು ಬಿಡುಗಡೆಯಾದ ಫೋರ್ಡ್ ಮಸ್ಟಾಂಗ್ ಮೊದಲಿಗೆ ಮಾರುಕಟ್ಟೆಗೆ ಬಂದದ್ದು ಹಾರ್ಡ್‌ಟಾಪ್ ರೂಪದಲ್ಲಿ ಮತ್ತು ಮಡಚುವ ಚಾವಣಿಯ ಕನ್ವರ್ಟಿಬಲ್ ರೂಪದಲ್ಲಿ. ಎಲ್ಲ ಗಾಜುಗಳನ್ನೂ ಇಳಿಸಿದಾಗ ಕಾರಿನ ಪಾರ್ಶ್ವ ಅಡೆತಡೆಯಿಲ್ಲದೆ ತೆರೆದುಕೊಳ್ಳುವುದು ಈ ಕಾರುಗಳ ಚೆಲುವು. ಆದರೆ ಗಾಜು ಮೇಲೇರಿದಾಗ ಅದನ್ನು ಹಿಡಿದು ನಿಲ್ಲಿಸಲು ಬಾಗಿಲೊಳಗಿನ ಹಳಿಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲವಾದ್ದರಿಂದ, ಇಂಥ ಕಾರುಗಳ ಪುನರುದ್ಧಾರದಲ್ಲಿ ಪಕ್ಕದ ಗಾಜನ್ನು ಬದಲಿಸಿ ಸರಿಯಾದ ನೆಲೆಗೆ ತರುವ ಕೆಲಸವು ಬಣ್ಣ ಹಚ್ಚುವುದಕ್ಕಿಂತಲೂ ಹೆಚ್ಚು ತಾಳ್ಮೆಯನ್ನು ಕೇಳುತ್ತದೆ.

ಕಾರಿನ ಗಾಜಿನಲ್ಲಿ ಎರಡು ಬಗೆಗಳಿವೆ. ಎರಡು ತೆಳು ಗಾಜುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೊರೆಯನ್ನಿಟ್ಟು ಬೆಸೆದದ್ದು ಪದರ ಗಾಜು. 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಎರಡೂ ಮೈಗಳ ಮೇಲೆ ಗಾಳಿಯನ್ನು ರಭಸದಿಂದ ಊದಿ ತಟ್ಟನೆ ತಣಿಸಿದ್ದು ಟಫನ್ಡ್ ಗಾಜು. ತಣಿಯುವಾಗ ಟಫನ್ಡ್ ಗಾಜಿನ ಹೊರಮೈ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ಉಳಿದುಬಿಡುವುದರಿಂದ ಅದು ಸಾಮಾನ್ಯ ಗಾಜಿಗಿಂತ ಗಟ್ಟಿಯಾಗಿರುತ್ತದೆ, ಒಡೆದರೆ ಮೊನಚಿಲ್ಲದ ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೆ ಒಮ್ಮೆ ಹೀಗೆ ಗಡಸಾದ ಗಾಜನ್ನು ಕತ್ತರಿಸಲು, ಅಂಚು ಉಜ್ಜಿ ಕಿರಿದು ಮಾಡಲು ಅಥವಾ ತೂತು ಕೊರೆಯಲು ಸಾಧ್ಯವಿಲ್ಲ. ಸಪಾಟಾದ ಪದರ ಗಾಜನ್ನಾದರೆ ಹಳೆಯ ಗಾಜನ್ನೋ ರಟ್ಟಿನ ಅಚ್ಚನ್ನೋ ಇಟ್ಟು ನುರಿತ ಗಾಜುಗೆಲಸದವರು ಕತ್ತರಿಸಿಕೊಡಬಲ್ಲರು. 1957ರ ಇಂಪೀರಿಯಲ್ ಕಾರಿನಿಂದ ಅಮೆರಿಕದಲ್ಲಿ ಬಳಕೆಗೆ ಬಂದ ಬಾಗಿದ ಪಕ್ಕದ ಗಾಜಿಗೆ ಈ ಅನುಕೂಲವಿಲ್ಲ. ಅದೇ ಬಾಗಿನ ಗಾಜು ಹುಡುಕಿ ತರಬೇಕು. ಹೊಸದು ಕೊಳ್ಳುವ ಮೊದಲು ಹಳೆಯದು ಉಳಿಯುವುದೇ ಎಂದು ನೋಡುವುದು ಒಳ್ಳೆಯದು, ಏಕೆಂದರೆ ಗಾಜಿನ ಮೂಲೆಯಲ್ಲಿ ಅಚ್ಚಾಗಿರುವ ತಯಾರಕರ ಗುರುತೂ ತಯಾರಿಕೆಯ ಕಾಲವನ್ನು ಸೂಚಿಸುವ ಸಂಕೇತವೂ ಆ ಕಾರಿನ ಚರಿತ್ರೆಯ ಭಾಗ. ಸೀರಿಯಂ ಆಕ್ಸೈಡ್ ಪುಡಿಯಿಂದ ಉಜ್ಜಿದರೆ ಮೇಲುಮೇಲಿನ ಗೀರುಗಳು ಮಾಯವಾಗುತ್ತವೆ. ಉಗುರಿಗೆ ತಡೆಯುವಷ್ಟು ಆಳದ ಗೀರನ್ನು ಉಜ್ಜಿ ತೆಗೆಯಲು ಹೋದರೆ ಅಲ್ಲಿ ನೋಟ ಡೊಂಕಾಗುತ್ತದೆ. ಪದರ ಗಾಜಿನ ಅಂಚು ಬಿಟ್ಟುಕೊಂಡು ಹಾಲಿನಂತೆ ಬೆಳ್ಳಗಾಗಿದ್ದರೆ ಅದಕ್ಕೆ ಚಿಕಿತ್ಸೆಯಿಲ್ಲ. ಭಾರತದಲ್ಲಿ ಓಡಿಸುವ ಕಾರಾದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಸುರಕ್ಷಾ ಗಾಜನ್ನೇ ಬಳಸಬೇಕು, ಪಕ್ಕದ ಗಾಜು ಕನಿಷ್ಠ ಶೇಕಡಾ 50ರಷ್ಟು ಬೆಳಕನ್ನು ಒಳಬಿಡಬೇಕು.

ಗಾಜು ಕೂರದಿದ್ದಾಗ ದೋಷವನ್ನು ಗಾಜಿನಲ್ಲಿ ಹುಡುಕುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಚೌಕಟ್ಟಿಲ್ಲದ ಗಾಜು ಬಾಗಿಲಿನ ಮುಂದುವರಿಕೆಯಷ್ಟೇ; ಕೀಲಿನ ಗೂಟ ಮತ್ತು ಬುಷ್ ಸವೆದು ಬಾಗಿಲ ಹಿಂಭಾಗ ಕೂದಲೆಳೆಯಷ್ಟು ಜೋತಿದ್ದರೂ ಗಾಜಿನ ತುದಿಯಲ್ಲಿ ಅದು ಎದ್ದು ಕಾಣುವ ವಾಲಿಕೆಯಾಗುತ್ತದೆ. ಆದ್ದರಿಂದ ಮೊದಲು ಕೀಲುಗಳನ್ನು ಸರಿಪಡಿಸಿ, ಬಾಗಿಲಿನ ಸುತ್ತಲಿನ ಸಂದು ಎಲ್ಲೆಡೆ ಸಮನಾಗುವಂತೆ ಟಿಂಕರಿಂಗ್ ಮುಗಿಸಿ, ಲಾಕ್ ಕಚ್ಚಿಕೊಳ್ಳುವ ಸ್ಟ್ರೈಕರನ್ನು ಅದರ ನೆಲೆಯಲ್ಲಿ ಬಿಗಿದ ಬಳಿಕವೇ ಗಾಜಿನ ಬೋಲ್ಟುಗಳನ್ನು ಮುಟ್ಟಬೇಕು. ಕಾರು ತನ್ನ ನಾಲ್ಕು ಚಕ್ರಗಳ ಮೇಲೆಯೇ ನಿಂತಿರಬೇಕು. ಜಾಕ್ ಕೊಟ್ಟು ಎತ್ತಿದಾಗ ಒಡಲು ತುಸು ಬಾಗುವುದರಿಂದ, ಅದರಲ್ಲಿಯೂ ಚಾವಣಿಯ ಆಸರೆಯಿಲ್ಲದ ಕನ್ವರ್ಟಿಬಲ್‌ನಲ್ಲಿ, ಆಗ ಮಾಡಿದ ಹೊಂದಿಕೆ ಕಾರು ನೆಲಕ್ಕಿಳಿದೊಡನೆ ಕೆಡುತ್ತದೆ. ಚಾವಣಿಯಂಚಿನ ರಬ್ಬರ್ ಬೀಡಿಂಗನ್ನೂ ಮೊದಲೇ ಹೊಸದಾಗಿ ಕೂರಿಸಿರಬೇಕು. ಹಳೆಯ, ಚಪ್ಪಟೆಯಾದ ಬೀಡಿಂಗಿಗೆ ಹೊಂದಿಸಿದ ಗಾಜು ಹೊಸ ಬೀಡಿಂಗಿನಲ್ಲಿ ಬಾಗಿಲನ್ನೇ ಮುಚ್ಚಗೊಡುವುದಿಲ್ಲ.

ಬಿಚ್ಚುವ ಕೆಲಸದಲ್ಲಿ ಹ್ಯಾಂಡಲ್, ಕೈಯಾಸರೆ, ಡೋರ್ ಪ್ಯಾಡ್ ಮತ್ತು ಅದರ ಹಿಂದಿನ ನೀರುತಡೆ ಹಾಳೆ ಕ್ರಮವಾಗಿ ಹೊರಬರುತ್ತವೆ. ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರಿನಲ್ಲಿ ಕತ್ತರಿಯಾಕಾರದ ತೋಳುಗಳೂ ಹಲ್ಲಿನ ಚಕ್ರದ ತುಂಡೂ ಗಾಜಿನ ಭಾರವನ್ನು ಹೊರುವ ಸುರುಳಿ ಸ್ಪ್ರಿಂಗೂ ಇರುತ್ತವೆ. ಗಾಜನ್ನು ಕಳಚಿದ ಮೇಲೆ ಈ ಸ್ಪ್ರಿಂಗಿನ ಬಲವನ್ನು ತಡೆಯುವುದು ಏನೂ ಉಳಿಯುವುದಿಲ್ಲ; ತೋಳುಗಳನ್ನು ಬೋಲ್ಟ್ ಹಾಕಿ ಬಂಧಿಸದೆ ಯಂತ್ರವನ್ನು ಬಿಚ್ಚಿದರೆ ಅವು ಹಠಾತ್ತನೆ ಮುಚ್ಚಿಕೊಂಡು ಬೆರಳನ್ನು ಕತ್ತರಿಸಬಲ್ಲವು. ಪ್ರತಿ ಬೋಲ್ಟಿನ ಸುತ್ತ ಗುರುತು ಗೀಚಿಟ್ಟುಕೊಂಡರೆ ಮರುಜೋಡಣೆಗೆ ಅದು ಮೊದಲ ಆಧಾರವಾಗುತ್ತದೆ.

ಬಹಳಷ್ಟು ಹಳೆಯ ಕಾರುಗಳಲ್ಲಿ ಗಾಜಿನ ಕೆಳ ಅಂಚು ಉಕ್ಕಿನ ಚಾನೆಲಿನೊಳಗೆ ರಬ್ಬರ್ ಪಟ್ಟಿಯ ಬಿಗಿತದಿಂದ ನಿಂತಿರುತ್ತದೆ. ಹೊಸ ಗಾಜಿಗೆ ಪಟ್ಟಿಯನ್ನು ಸುತ್ತಿ, ಸಾಬೂನು ನೀರು ಸವರಿ, ಹಳೆಯ ಗಾಜಿನಲ್ಲಿ ಅಳೆದಿಟ್ಟ ಜಾಗಕ್ಕೇ ಚಾನೆಲನ್ನು ಒತ್ತಿ ಕೂರಿಸಬೇಕು. ಚಾನೆಲ್ ಮುಂದಕ್ಕೋ ಹಿಂದಕ್ಕೋ ಸರಿದರೆ ಎಷ್ಟು ಹೊಂದಿಸಿದರೂ ಗಾಜು ಹಳಿಯಲ್ಲಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ತೂತುಗಳ ಮೂಲಕ ಬೋಲ್ಟ್ ಹಾಕುವ ಗಾಜಾದರೆ ಲೋಹವು ಎಲ್ಲಿಯೂ ಗಾಜಿಗೆ ನೇರವಾಗಿ ತಾಗದಂತೆ ನಾರಿನ ಅಥವಾ ಪ್ಲಾಸ್ಟಿಕ್ ವಾಷರುಗಳನ್ನು ಇಡಬೇಕು; ಟಫನ್ಡ್ ಗಾಜಿನ ದೌರ್ಬಲ್ಯ ಇರುವುದು ಅಂಚಿನಲ್ಲಿ.

ಹೊಂದಿಕೆ ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಸಾಗುತ್ತದೆ. ಬಾಗಿಲ ಮುಂತುದಿಯಲ್ಲಿ ತಿರುಗಿ ತೆರೆಯುವ ತ್ರಿಕೋನ ಗಾಜಿರುವ ಕಾರುಗಳಲ್ಲಿ, ಉದಾಹರಣೆಗೆ ಮೊದಲ ವರ್ಷಗಳ ಮಸ್ಟಾಂಗಿನಲ್ಲಿ, ಆ ಗಾಜಿನ ಹಿಂದಿನ ನಿಲುವುಪಟ್ಟಿಯೇ ದೊಡ್ಡ ಗಾಜಿನ ಮುಂದಿನ ಹಳಿಯೂ ಆಗಿರುವುದರಿಂದ, ಅದನ್ನು ಮುಂಗಾಜಿನ ಕಂಬದ ಬೀಡಿಂಗಿಗೆ ಸಮಾಂತರವಾಗಿ ನಿಲ್ಲಿಸದೆ ಮುಂದುವರಿಯಲಾಗದು. ಆ ಬಳಿಕ ಬಾಗಿಲ ಗಾಜಿನ ಮೇಲಂಚು ಚಾವಣಿಯಂಚಿಗೆ ಸಮಾಂತರವಾಗುವಂತೆ ಅದರ ಓಲುವಿಕೆಯನ್ನು ತಿದ್ದಬೇಕು. ಮುಂದಿನ ಹೆಜ್ಜೆಯಾದ ಒಳ-ಹೊರ ವಾಲಿಕೆಯೇ ಈ ವಿದ್ಯೆಯ ತಿರುಳು: ಗಾಜು ಬಾಗಿಲಿನಿಂದ ಹೊರಬರುವ ಸೊಂಟದ ರೇಖೆಯು ಸನ್ನೆಗೋಲಿನ ಆಧಾರಬಿಂದುವಿನಂತೆ ವರ್ತಿಸುವುದರಿಂದ, ಹಳಿಯ ಕೆಳತುದಿಯನ್ನು ಹೊರಕ್ಕೆ ತಳ್ಳಿದರೆ ಗಾಜಿನ ಮೇಲಂಚು ಒಳಕ್ಕೆ ಬಾಗಿ ಬೀಡಿಂಗನ್ನು ಒತ್ತುತ್ತದೆ, ಒಳಕ್ಕೆಳೆದರೆ ದೂರ ಸರಿಯುತ್ತದೆ. ಒತ್ತಡ ಕಡಿಮೆಯಾದರೆ ವೇಗದಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ; ಹೆಚ್ಚಾದರೆ ಬಾಗಿಲು ಹಾಕುವಾಗಲೆಲ್ಲ ಗಾಜು ಪೆಟ್ಟು ತಿನ್ನುತ್ತದೆ. ಹೊಸ ರಬ್ಬರ್ ಕೆಲವು ವಾರಗಳಲ್ಲಿ ಮೆದುವಾಗಿ ತಗ್ಗುವುದನ್ನು ನೆನಪಿಟ್ಟು ಮೊದಲಿಗೆ ತುಸು ಬಿಗಿಯಾಗಿಯೇ ಬಿಡುವುದು ವಿವೇಕ. ಗಾಜು ಎಷ್ಟು ಎತ್ತರ ಏರಬೇಕೆಂಬುದನ್ನು ನಿರ್ಧರಿಸುವ ಮೇಲ್ತಡೆಗಳನ್ನು ಕೊನೆಯಲ್ಲಿ ಬಿಗಿಯಬೇಕು, ಮುಂದಿನ ಹಾಗೂ ಹಿಂದಿನ ತಡೆಗಳೆರಡೂ ಒಟ್ಟಿಗೇ ತಾಗಬೇಕು. ಒಂದೇ ತಾಗಿದರೆ ಹ್ಯಾಂಡಲಿನ ಬಲವೆಲ್ಲ ಗಾಜನ್ನು ತಿರುಚಲು ವ್ಯಯವಾಗುತ್ತದೆ. ಹಿಂದಿನ ಕ್ವಾರ್ಟರ್ ಗಾಜನ್ನು, ಅದರ ಮುಂದಂಚಿನ ನಿಲುವು ಬೀಡಿಂಗು ಬಾಗಿಲ ಗಾಜಿನ ಹಿಂದಂಚನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಮುಟ್ಟುವಂತೆ ತರಬೇಕು. ಕನ್ವರ್ಟಿಬಲ್‌ನಲ್ಲಿ ಇದೆಲ್ಲವೂ ಚಾವಣಿಯನ್ನು ಏರಿಸಿ ಚಿಲಕ ಹಾಕಿದ ಸ್ಥಿತಿಯಲ್ಲಿ ನಡೆಯಬೇಕು.

ಹಿಂದೂಸ್ತಾನ್ ಮೋಟರ್ಸ್‌ನ ಅಂಬಾಸಿಡರ್, ಫಿಯೆಟ್ 1100ರಿಂದ ರೂಪುಗೊಂಡ ಪ್ರೀಮಿಯರ್ ಪದ್ಮಿನಿ ಮೊದಲಾದ ಭಾರತದ ಪರಿಚಿತ ಕಾರುಗಳ ಬಾಗಿಲಿಗೆ ಚೌಕಟ್ಟು ಇರುವುದರಿಂದ ಅಲ್ಲಿ ಕೆಲಸ ಸುಲಭ: ಚೌಕಟ್ಟಿನೊಳಗಿನ ಮಕಮಲ್ಲು ಹೊದಿಸಿದ ಹಳಿಯನ್ನು ಹೊಸದು ಮಾಡಿದರೆ ಗಾಜು ಬಹುಪಾಲು ತಾನೇ ದಾರಿ ಹಿಡಿಯುತ್ತದೆ. ಹಳಿಗೆ ಗ್ರೀಸ್ ಮೆತ್ತುವ ಗ್ಯಾರೇಜ್ ರೂಢಿ ಮಾತ್ರ ಕೈಬಿಡತಕ್ಕದ್ದು. ಅದು ಧೂಳನ್ನು ಹಿಡಿದು ಗಾಜನ್ನು ಗೀರುತ್ತದೆ. ಗ್ರೀಸ್ ಬೇಕಾದದ್ದು ರೆಗ್ಯುಲೇಟರಿನ ಹಲ್ಲು ಮತ್ತು ಉರುಳೆಗಳಿಗೆ, ಹಳಿಗೆ ತೆಳುವಾದ ಸಿಲಿಕೋನ್ ಸಾಕು.

ಹೊಂದಿಕೆಯನ್ನು ಪರೀಕ್ಷಿಸಲು ಗಾಜಿಗೂ ಬೀಡಿಂಗಿಗೂ ನಡುವೆ ಕಾಗದದ ಪಟ್ಟಿಯನ್ನಿಟ್ಟು ಬಾಗಿಲು ಮುಚ್ಚಿ ಎಳೆಯುತ್ತಾರೆ; ಸುತ್ತಲೂ ಒಂದೇ ಬಿಗಿತದಲ್ಲಿ ಜಾರಿ ಬಂದರೆ ಒತ್ತಡ ಸಮನಾಗಿದೆ ಎಂದರ್ಥ. ಗಾಜಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿದರೆ ಅದು ಮುಟ್ಟಿದ ಜಾಗವೆಲ್ಲ ರಬ್ಬರಿನ ಮೇಲೆ ಮೂಡುತ್ತದೆ. ಬಳಿಕ ಕೊಳವೆಯ ನೀರನ್ನು ಮೆಲ್ಲಗೆ, ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹರಿಸುತ್ತ ಹೋದರೆ ಸೋರುವ ಜಾಗ ನಿಖರವಾಗಿ ಗೊತ್ತಾಗುತ್ತದೆ. ಮೇಲಿನಿಂದ ಸುರಿದರೆ ಎಲ್ಲೋ ನುಗ್ಗಿದ ನೀರು ಇನ್ನೆಲ್ಲೋ ತೊಟ್ಟಿಕ್ಕಿ ದಾರಿ ತಪ್ಪಿಸುತ್ತದೆ. ಸೊಂಟದ ರೇಖೆಯ ಪಟ್ಟಿಗಳನ್ನು ದಾಟಿ ಒಂದಿಷ್ಟು ಮಳೆನೀರು ಬಾಗಿಲೊಳಗೆ ಇಳಿಯುವುದು ದೋಷವಲ್ಲ, ವಿನ್ಯಾಸವೇ ಅದಕ್ಕೆ ಎಡೆಗೊಟ್ಟಿದೆ. ಆ ನೀರು ತಳದ ರಂಧ್ರಗಳಿಂದ ಹೊರಹೋಗಬೇಕಾದ್ದರಿಂದ ಅವುಗಳಲ್ಲಿ ಕಟ್ಟಿದ ಬಣ್ಣ, ಕೊಳೆಗಳನ್ನು ಬಿಡಿಸಿ, ನೀರುತಡೆ ಹಾಳೆಯ ಕೆಳ ಅಂಚನ್ನು ಬಾಗಿಲ ತಗಡಿನ ಸೀಳಿನೊಳಗೆ ತೂರಿಸಿ ಅಂಟಿಸಿದ ಮೇಲೆಯೇ ಡೋರ್ ಪ್ಯಾಡನ್ನು ಮರಳಿ ಕೂರಿಸಬೇಕು.